ಬೇಲಿ ಪ್ಲಾನು, ಬಯಲು ಪ್ಲಾನು

ನನ್ನ ತಮ್ಮ ಡಯಾಲಿಸಿಸ್‌ಗೆ ಹೊರಡುವಾಗಲೆಲ್ಲ "ಬೀಗರ ಮನೆಗೆ ಹೋಗಿಬರ್ತೀನಕ್ಕ" ಎನ್ನುತ್ತಿದ್ದ. ಬಾಗಿಲಲ್ಲೇ ಎದುರುಗೊಳ್ಳುತ್ತಾರೆ, ಒಳ್ಳೆಯ ಜಾಗ ನೋಡಿ ಕೂರಿಸುತ್ತಾರೆ, ಹೊದಿಕೆ ಹೊದಿಸುತ್ತಾರೆ, ಆರೋಗ್ಯ ವಿಚಾರಿಸುತ್ತಾರೆ, ಆಮೇಲೆ ನಗುನಗುತ್ತಲೇ ರಕ್ತ ಹೀರುತ್ತಾರೆ. ಬೀಗರಲ್ಲದೆ ಇಷ್ಟು ಮರ್ಯಾದೆಯಿಂದ ಈ ಕೆಲಸವನ್ನು ಇನ್ಯಾರು ಮಾಡಿಯಾರು ಎಂಬುದು ಅವನ ವಾದ. ಕೇಂದ್ರ ನಮ್ಮ ಬೀದಿಯ ಕೊನೆಯಲ್ಲೇ ಇತ್ತು, ಔಷಧಿ ಅಂಗಡಿಯ ಮಹಡಿಯ ಮೇಲೆ. ವಾರಕ್ಕೆ ಮೂರು ಬೆಳಗು ಅವನು ಅಲ್ಲಿಗೆ ಒಬ್ಬನೇ ನಡೆದು ಹೋಗುತ್ತಿದ್ದ. ಕರೆತರಲು ನಾನು ಹೋಗುತ್ತಿದ್ದೆ. ಬರುವಾಗ ಅವನ ಕಾಲು ಅವನ ಮಾತು ಕೇಳುತ್ತಿರಲಿಲ್ಲ.

ಅವನ ಎಡಗೈಯಲ್ಲಿ ಎರಡು ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿದ ಜಾಗವೊಂದಿತ್ತು. ಸೂಜಿ ಚುಚ್ಚುವುದು ಅಲ್ಲೇ. ಬೆರಳಿಟ್ಟರೆ ಒಳಗೆ ಜೇನುಗೂಡಿನ ಹಾಗೆ ಗುಂಯ್‌ಗುಡುತ್ತಿತ್ತು. "ಗಾಡಿ ಬರೋಕೆ ಮುಂಚೆ ಹಳಿ ಹೀಗೇ ಗುನುಗುತ್ತೆ" ಎನ್ನುತ್ತಿದ್ದ. ಅವನು ಆಯುಷ್ಯವೆಲ್ಲ ರೈಲ್ವೆ ಸಿಗ್ನಲ್ ಕ್ಯಾಬಿನ್ನಿನಲ್ಲಿ ಲಿವರ್ ಎಳೆದು ನಿವೃತ್ತನಾದವನು. ಕೇಂದ್ರದ ಸಿಸ್ಟರಿಗೆ ಅದು ಗೊತ್ತಿತ್ತು. ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಅವನ ಕೈಮೇಲಿಟ್ಟು ಬೆಚ್ಚಗೆ ಮಾಡಿ, ಸೂಜಿ ಕೈಗೆತ್ತಿಕೊಂಡ ಗಳಿಗೆಗೆ ಸರಿಯಾಗಿ ಒಂದು ಪ್ರಶ್ನೆ ಕೇಳುತ್ತಿದ್ದಳು.

"ಕ್ಯಾಬಿನ್ ಸಾಹೇಬ್ರೇ, ಹಳಿ ಮೇಲೆ ಒಂದು ಕತ್ತೆ ಬಂದು ನಿಂತ್ಕೊಂಡ್ಬಿಟ್ರೆ ಏನು ಮಾಡ್ತಿದ್ರಿ?"

"ಕತ್ತೆಗೆ ಸಿಗ್ನಲ್ ಅರ್ಥ ಆಗಲ್ಲಮ್ಮ, ಅದೇ ತೊಂದರೆ. ಮೊದಲು ಆ ಕಡೆ ಸ್ಟೇಷನ್ನಿಗೆ ಫೋನ್ ಮಾಡಿ..." ಎಂದು ಅವನು ಗಂಭೀರವಾಗಿ ಶುರುಮಾಡುತ್ತಿದ್ದ. ಕತ್ತೆ ಹಳಿ ಬಿಟ್ಟು ಇಳಿಯುವ ಹೊತ್ತಿಗೆ ಸೂಜಿಗಳೆರಡೂ ಒಳಗೆ ಹೋಗಿ ಅವುಗಳ ಮೇಲೆ ಪಟ್ಟಿಯೂ ಅಂಟಿರುತ್ತಿತ್ತು. ಇದು ಅವಳ ಉಪಾಯವೆಂದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತೆಂದು ಅವಳಿಗೂ ಗೊತ್ತಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿದವರಲ್ಲ.

ಮನೆಯಲ್ಲಿ ನಾವು ಮೂವರು: ನಾನು, ತಮ್ಮ, ಅವನ ಮಗಳು ಗುಬ್ಬಿ. ಗುಬ್ಬಿ ಎನ್ನುವುದು ಹುಟ್ಟಿದಾಗ ಬಿದ್ದ ಹೆಸರು. ದಿನ ತುಂಬುವ ಮೊದಲೇ ಹುಟ್ಟಿದ ಕೂಸು, ಅಂಗೈಯಲ್ಲಿ ಹಿಡಿಸುತ್ತಿತ್ತು. ತಾಯಿ ಆ ಬಾಣಂತನದಿಂದ ಏಳಲಿಲ್ಲ. ನಾನು ಆಗ ಶಾಲೆಯೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಮದುವೆ ಎಂಬುದು ನನ್ನ ಹಾದಿಗೆ ಬಂದಿರಲಿಲ್ಲ. ಒಂದು ಟ್ರಂಕು ಹಿಡಿದುಕೊಂಡು ತಮ್ಮನ ಕ್ವಾರ್ಟರ್ಸಿಗೆ ಬಂದವಳು ಅಲ್ಲೇ ಉಳಿದೆ. ವಾರವಾರವೂ ಮಗುವಿನ ತೂಕ ನೋಡಿ ಎಂದು ಡಾಕ್ಟರು ಹೇಳಿದ್ದರು. ನಮ್ಮ ಮನೆಯಲ್ಲಿ ತಕ್ಕಡಿ ಎಲ್ಲಿಂದ ಬರಬೇಕು? ತಮ್ಮ ಅವಳನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸ್ಟೇಷನ್ನಿನ ಪಾರ್ಸಲ್ ಆಫೀಸಿಗೆ ಒಯ್ಯುತ್ತಿದ್ದ. ಅಲ್ಲಿಯ ಗುಮಾಸ್ತ, ಮಹಾ ಸಿಡುಕ, ತಕ್ಕಡಿಯ ಮೇಲೆ ಹಣ್ಣಿನ ಬುಟ್ಟಿ ಇದ್ದರೆ ಅದನ್ನು ತಾನೇ ಇಳಿಸಿ, ಒರೆಸಿ, ಮಡಿಸಿದ ಬಟ್ಟೆ ಹಾಸಿ ಕೊಡುತ್ತಿದ್ದ. ಮುಳ್ಳು ನಿಲ್ಲುವತನಕ ಇಬ್ಬರು ಗಂಡಸರೂ ಉಸಿರು ಬಿಡುತ್ತಿರಲಿಲ್ಲ. ಗುಲಗಂಜಿಯಷ್ಟು ಏರಿದ್ದರೂ ತಮ್ಮ ಮನೆಯತನಕ ಓಡುತ್ತ ಬರುತ್ತಿದ್ದ.

ಆ ಗುಬ್ಬಿ ಈಗ ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವ ಕೆಲಸದಲ್ಲಿದ್ದಳು. ಗಟ್ಟಿಮುಟ್ಟಾದ ಹೆಂಗಸು. ಅಪ್ಪನ ಮೊಂಡುತನ, ಅಪ್ಪನದೇ ಹುಬ್ಬು.

ಕ್ಯಾಬಿನ್ನಿನ ಒಂದು ರೂಢಿ ನಮ್ಮ ಮನೆಯಲ್ಲೂ ನೆಲೆಯೂರಿತ್ತು. ಅಲ್ಲಿ ಪಕ್ಕದ ಸ್ಟೇಷನ್ನಿನವರು ಫೋನಿನಲ್ಲಿ ಏನು ಹೇಳಿದರೂ ಕೇಳಿಸಿಕೊಂಡವನು ಅದನ್ನೇ ತಿರುಗಿ ಹೇಳಬೇಕು. ತಪ್ಪು ಕೇಳಿಸಿಕೊಂಡರೆ ಜೀವ ಹೋಗುವ ಕೆಲಸ ನೋಡಿ. "ಬರ್ತಾ ಸೋಪು, ದಾರದುಂಡೆ" ಎಂದು ನಾನೆಂದರೆ ತಮ್ಮ "ಬರ್ತಾ ಸೋಪು, ದಾರದುಂಡೆ" ಎನ್ನುತ್ತಿದ್ದ. ಗುಬ್ಬಿಯೂ ಹಾಗೇ ಬೆಳೆದಳು. ಶಾಲೆಯಲ್ಲಿ ಮೇಷ್ಟ್ರು "ಹೊರಗೆ ಹೋಗಿ ನಿಲ್ಲು" ಎಂದಾಗ "ಹೊರಗೆ ಹೋಗಿ ನಿಲ್ಲು" ಎಂದು ತಿರುಗಿ ಹೇಳಿ ಎರಡು ಏಟು ತಿಂದು ಬಂದಿದ್ದಳು.

ರೈಲ್ವೆಯಿಂದ ನಿವೃತ್ತರಾದವರಿಗೆಲ್ಲ ಒಂದೇ ಕಂಪನಿಯ ಆರೋಗ್ಯ ವಿಮೆ. ವರ್ಷಕ್ಕೊಂದು ತಿಂಗಳು ಪ್ಲಾನು ಬದಲಾಯಿಸಿಕೊಳ್ಳಲು ಬಿಡುತ್ತಿದ್ದರು; ಆ ತಿಂಗಳು ದಾಟಿದರೆ ಮತ್ತೆ ಮುಂದಿನ ವರ್ಷವೇ. ಪ್ಲಾನು ಎರಡು. ಒಂದರಲ್ಲಿ ಯಾವ ಡಾಕ್ಟರ ಬಳಿಗೆ ಬೇಕಾದರೂ ಹೋಗಬಹುದು, ಆದರೆ ಮೊದಲು ನಾವು ಕೊಟ್ಟು ಆಮೇಲೆ ಒಂದು ಭಾಗ ವಾಪಸು ಪಡೆಯಬೇಕು. ಅದಕ್ಕೂ ವರ್ಷಕ್ಕಿಷ್ಟೇ ಎಂಬ ಮಿತಿ. ಇನ್ನೊಂದರಲ್ಲಿ ಅವರ ನೆಟ್‌ವರ್ಕಿನೊಳಗಿನ ಆಸ್ಪತ್ರೆಗಳಿಗೇ ಹೋಗಬೇಕು, ಅಲ್ಲಿ ನಾವು ಕೊಡುವುದು ಹೆಚ್ಚೇನೂ ಇಲ್ಲ. ಹೊರಗೆ ಕಾಲಿಟ್ಟರೆ ಮಾತ್ರ ಬಿಡಿಗಾಸೂ ಇಲ್ಲ. ಅವುಗಳ ಇಂಗ್ಲಿಷು ಹೆಸರುಗಳು ನಾಲಿಗೆಗೆ ತೊಡರುತ್ತಿದ್ದವು. ತಮ್ಮ ಒಂದಕ್ಕೆ ಬಯಲು ಪ್ಲಾನು, ಇನ್ನೊಂದಕ್ಕೆ ಬೇಲಿ ಪ್ಲಾನು ಎಂದು ಹೆಸರಿಟ್ಟ. "ಬೇಲಿಯೊಳಗೆ ಹುಲ್ಲು ಹುಲುಸು. ಬಯಲಲ್ಲಿ ಗಾಳಿ ಚೆನ್ನ" ಎಂದ. ಅವನು ಮೊದಲಿನಿಂದಲೂ ಬಯಲಿನಲ್ಲಿದ್ದವನು. ಬೀದಿ ಕೊನೆಯ ಬೀಗರ ಮನೆ ಬೇಲಿಯ ಹೊರಗಿತ್ತು.

ಆ ವರ್ಷ ಡಾಕ್ಟರು ನಮ್ಮಿಬ್ಬರನ್ನು, ನನ್ನನ್ನೂ ಗುಬ್ಬಿಯನ್ನೂ, ಪಕ್ಕಕ್ಕೆ ಕರೆದು ಕೂರಿಸಿದರು. ತಮ್ಮನ ಹೃದಯ ದಣಿಯುತ್ತಿದೆ, ಯಂತ್ರವೊಂದನ್ನೇ ನಂಬಿಕೊಂಡು ಬಹಳ ಕಾಲ ನಡೆಯುವುದು ಕಷ್ಟ, ಬದಲಿ ಕಿಡ್ನಿ ಹಾಕುವುದಾದರೆ ಈಗಲೇ, ಮುಂದಿನ ವರ್ಷ ಅವರ ಮೈ ತಡೆಯುತ್ತದೆ ಎಂದು ಹೇಳಲಾರೆ ಎಂದರು. ಹೇಳುವಾಗ ನಮ್ಮ ಕಡೆಗೆ ನೀರಿನ ಲೋಟ ಸರಿಸಿದರು, ನಾವು ಕೇಳದಿದ್ದರೂ. ಗುಬ್ಬಿ ಅಲ್ಲೇ "ನನ್ನದು ಆಗುತ್ತಾ?" ಎಂದಳು. ರಕ್ತದ ಗುಂಪು ಕೂಡಿತು. ಉಳಿದ ಪರೀಕ್ಷೆಗಳೆಲ್ಲ ಆಗಬೇಕಾದದ್ದು ಊರಾಚೆಯ ದೊಡ್ಡಾಸ್ಪತ್ರೆಯಲ್ಲಿ, ಆಪರೇಷನ್ನೂ ಅಲ್ಲೇ. ದೊಡ್ಡಾಸ್ಪತ್ರೆ ಬೇಲಿಯೊಳಗಿನದು. ಬಯಲು ಪ್ಲಾನಿನ ಮಿತಿ ಅಂಥ ಆಪರೇಷನ್ನಿನ ಅರ್ಧಕ್ಕೂ ಸಾಲುತ್ತಿರಲಿಲ್ಲ.

ಹೀಗೆ, ಯಾವ ಪ್ಲಾನು ಎಂಬ ಪ್ರಶ್ನೆಯ ಹೊಟ್ಟೆಯೊಳಗೆ ಇನ್ನೊಂದು ಪ್ರಶ್ನೆ ಕೂತಿತ್ತು. ಬೇಲಿ ಎಂದರೆ ಮಗಳ ಕಿಡ್ನಿ ತೆಗೆದುಕೊಳ್ಳುವುದು. ಬಯಲು ಎಂದರೆ ತೆಗೆದುಕೊಳ್ಳದೆ ಇರುವುದು. ಆದರೆ ಅಪ್ಪ ಮಗಳು ವಾರಗಟ್ಟಲೆ ಮಾತಾಡಿದ್ದು ಪ್ರೀಮಿಯಂ ಬಗ್ಗೆ, ಬಸ್ಸಿನ ಬಗ್ಗೆ.

"ಅಲ್ಲಿಗೆ ಹೋಗೋಕೆ ಎರಡು ಬಸ್ ಬದಲಾಯಿಸ್ಬೇಕು."

"ಕೂತ್ಕೊಂಡೇ ಹೋಗೋದಪ್ಪ, ಎಳ್ಕೊಂಡೇನೂ ಹೋಗೋದಲ್ವಲ್ಲ."

"ಮೊದಲು ಅವರ ಬಡಾವಣೆ ಡಾಕ್ಟರ ಚೀಟಿ ತಗೊಂಡೇ ದೊಡ್ಡವರ ಹತ್ರ ಹೋಗ್ಬೇಕಂತೆ. ನೆಗಡಿಗೂ ಚೀಟಿ."

"ನಿನಗೆ ಇಷ್ಟು ವರ್ಷದಲ್ಲಿ ಒಂದು ಸಲನಾದ್ರೂ ನೆಗಡಿ ಆಗಿದ್ಯಾ?"

"ಆಗ್ಬಾರದು ಅಂತೇನಿದೆ?"

ಒಂದು ಭಾನುವಾರ ಊಟದ ಮೇಜಿನಲ್ಲಿ ಗುಬ್ಬಿ ಚಮಚ ಕೆಳಗಿಟ್ಟಳು. "ಅಪ್ಪ, ಸುತ್ತಿ ಬಳಸಿ ಸಾಕು. ಬೇಲಿ ಪ್ಲಾನಿಗೆ ಹೋಗೋಣ. ದೊಡ್ಡಾಸ್ಪತ್ರೆ. ನನ್ನ ಕಿಡ್ನಿ ನಿನಗೆ."

ತಮ್ಮ ತಟ್ಟೆ ನೋಡುತ್ತಲೇ ಹೇಳಿದ: "ಬೇಲಿ ಪ್ಲಾನು. ದೊಡ್ಡಾಸ್ಪತ್ರೆ. ನಿನ್ನ ಕಿಡ್ನಿ ನನಗೆ."

ಗುಬ್ಬಿ ಎದ್ದು ಬಂದು ಅವನ ನೆತ್ತಿಗೆ ಕೆನ್ನೆಯಿಟ್ಟಳು. ನಾನು ಎದ್ದುಹೋಗಿ ಅಡುಗೆಮನೆಯಲ್ಲಿ ನಲ್ಲಿ ತಿರುಗಿಸಿದೆ, ಮೂಗೆಳೆದದ್ದು ಕೇಳಿಸಬಾರದೆಂದು. ಮರುದಿನವೇ ಅವಳು ಅಪ್ಪನ ಫೋನಿನಿಂದ ಪ್ಲಾನು ಬದಲಾಯಿಸಿದಳು. ಅವನ ಬ್ಯಾಂಕು, ಪಿಂಚಣಿ, ಎಲ್ಲ ನೋಡಿಕೊಳ್ಳುತ್ತಿದ್ದವಳು ಅವಳೇ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ತಮ್ಮನನ್ನು ಕರೆತರಲು ಹೋದಾಗ ಸಿಸ್ಟರ್ ನನ್ನನ್ನು ಕಂಡು ನಕ್ಕಳು, ನಗು ಕಣ್ಣಿನತನಕ ಏರಲಿಲ್ಲ. "ಮುಂದಿನ ತಿಂಗಳಿಂದ ನಮ್ಮನ್ನ ಬಿಟ್ಟು ಹೋಗ್ತಿದ್ದಾರಂತಲ್ಲಮ್ಮ. ಕಂಪ್ಯೂಟರಲ್ಲಿ ಬಂತು. ಒಳ್ಳೇದಕ್ಕೇ ಹೋಗ್ತಿರೋದು ಬಿಡಿ" ಎಂದಳು. ತಮ್ಮ ಶೂ ಹಾಕಿಕೊಳ್ಳುತ್ತಿದ್ದವನು ಹಾಗೇ ನಿಂತ.

ಸಂಜೆ ಗುಬ್ಬಿ ಚೀಲ ಇಳಿಸುವಷ್ಟರಲ್ಲಿ ಕೇಳಿದ: "ನಾನು ಯಾವಾಗಮ್ಮ ಒಪ್ಪಿದೆ?"

"ಇದೇನಪ್ಪ? ನೀನೇ ಹೇಳಿದೆಯಲ್ಲ. ಅತ್ತೆ ಇದ್ರು ಎದುರಿಗೆ."

"ಹೇಳಿದ್ದಲ್ಲ, ತಿರುಗಿ ಹೇಳಿದ್ದು. ಕೇಳಿಸ್ತು ಅಂತ ಹೇಳಿದ್ದು. ಕೇಳಿಸೋದು ಬೇರೆ, ಲೈನ್ ಕ್ಲಿಯರ್ ಕೊಡೋದು ಬೇರೆ. ಗಾಡಿ ಬಿಡ್ತೀನಿ ಅಂತ ಅವನು ಅಂದ್ರೆ, ಬಿಡ್ತೀಯ ಅಂತ ಕೇಳಿಸ್ತಪ್ಪ ಅಂತ ನಾನು ಅನ್ನೋದು. ಬಾ ಅಂತ ನಾನು ಬೇರೆ ಹೇಳ್ಬೇಕು. ಹೇಳೋವರೆಗೂ ಗಾಡಿ ಅಲ್ಲೇ ನಿಂತಿರುತ್ತೆ. ಕ್ಯಾಬಿನ್ನಿನಲ್ಲಿ ಅಂಬೆಗಾಲಿಟ್ಟವಳು ನೀನು. ನಿನಗೆ ಇದನ್ನ ಹೇಳಿಕೊಡ್ಬೇಕಾ?"

ಅವನು ಹೇಳಿದ್ದು ನಿಜ. ಈ ಮನೆಯಲ್ಲಿ ಅದನ್ನು ತಿಳಿಯದವರು ಯಾರೂ ಇರಲಿಲ್ಲ.

"ಆವತ್ತು ನಾನು ಮಗಳಾಗಿ ಕೇಳಿಸ್ಕೊಂಡೆ ಅಪ್ಪ. ಸ್ಟೇಷನ್ ಮಾಸ್ಟರ್ ಆಗಿ ಅಲ್ಲ" ಎಂದಳು, ಮೆಲ್ಲಗೆ.

"ನಾಳೆ ಹೋಗಿ ವಾಪಸು ಹಾಕಿಸ್ತೀನಿ. ಇನ್ನೂ ತಿಂಗಳು ಮುಗಿದಿಲ್ಲ."

"ಹಾಕಿಸ್ಕೋ. ಆ ಸಿಸ್ಟರ ಕತ್ತೆ ಕತೆ ಕೇಳ್ಕೊಂಡೇ ಇರು. ಕೇಳೋಕೆ ನೀನು ಇರ್ತೀಯಾ ಅಂತ ಮಾತ್ರ ಯೋಚನೆ ಮಾಡ್ಬೇಡ!"

ಅಂದವಳೇ ಬಾಯಿ ಮುಚ್ಚಿಕೊಂಡು ತನ್ನ ಕೋಣೆಗೆ ಹೋದಳು. ಬಾಗಿಲು ಹಾಕಿದ ಸದ್ದಾಗಲಿಲ್ಲ. ಕೋಪದಲ್ಲೂ ಬಾಗಿಲನ್ನು ಮೆತ್ತಗೆ ಹಾಕುವ ಹುಡುಗಿ ಅವಳು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಿದ್ದ ಅಪ್ಪನಿಗೋಸ್ಕರ ಕಲಿತದ್ದು.

ನಾನು ಒಣಗಿದ ಬಟ್ಟೆ ಮಡಿಸತೊಡಗಿದೆ. ತಮ್ಮ ನನ್ನೆದುರಿಗೆ ಕೂತು ಕಾಲುಚೀಲಗಳ ಜೋಡಿ ಹುಡುಕಿಕೊಟ್ಟ. ಕೊನೆಯ ಜೋಡಿ ಕೊಡುತ್ತ, "ಅಕ್ಕ, ಪಾರ್ಸಲ್ ಆಫೀಸಿನ ತಕ್ಕಡಿ ನೆನಪಿದ್ಯಾ?" ಎಂದ.

"ಇಲ್ದೇ ಏನು."

"ಅವಳ ಮೈಗೆ ಒಂದೊಂದು ಗುಲಗಂಜಿ ಕೂಡಿಸಿದೋನು ನಾನು. ಈಗ ಅದರಿಂದ ಕಳಿ ಅಂದ್ರೆ ನನ್ನ ಕೈ ಏಳಲ್ಲ. ಅವಳು ಕೊಡ್ತೀನಿ ಅಂತಾಳೆ, ಸರಿ. ಡಾಕ್ಟ್ರು ತಗೋ ಅಂತಾರೆ. ನೀನು ಬಾಯಲ್ಲಿ ಹೇಳ್ದಿದ್ರೂ ನಿನ್ನ ಮನಸ್ಸೂ ತಗೋ ಅನ್ನುತ್ತೆ, ನಾನು ನಿನ್ನ ತಮ್ಮ ಅಲ್ವಾ. ಎಲ್ಲರೂ ನನ್ನ ಕಡೆಯವರೇ ಆಗ್ಬಿಟ್ರಿ. ಅವಳ ಕಡೆಗೆ ಯಾರಿದ್ದಾರೆ ಹೇಳು?"

ನಾನು ಕೈಯಲ್ಲಿದ್ದ ಅಂಗಿಯನ್ನು ಬಿಚ್ಚಿ ಇನ್ನೊಮ್ಮೆ ಮಡಿಸಿದೆ.

ಮರುದಿನ ವಿಮೆ ಕಚೇರಿಗೆ ನಾನೂ ಜೊತೆಗೆ ಹೋದೆ. ತಿಂಗಳ ಕೊನೆ, ತುಂಬ ಜನ. ನಮ್ಮ ಸರದಿ ಬರುವ ಹೊತ್ತಿಗೆ ಊಟದ ವೇಳೆ ಮೀರಿತ್ತು. ಕೌಂಟರಿನ ಹೆಣ್ಣುಮಗಳ ಪಕ್ಕದಲ್ಲಿ ಡಬ್ಬಿ ಬಿಚ್ಚದೆ ಕೂತಿತ್ತು. ಅವಳು ಡಬ್ಬಿಯನ್ನೊಮ್ಮೆ, ತಮ್ಮನ ಕೈಮೇಲಿನ ಪಟ್ಟಿಯನ್ನೊಮ್ಮೆ ನೋಡಿ, "ಕೂತ್ಕೊಳ್ಳಿ ಸರ್, ಹೇಳಿ" ಎಂದಳು.

"ನನ್ನನ್ನ ಬಯಲಿಗೆ ವಾಪಸು ಹಾಕಿ ತಾಯಿ."

"ಎಲ್ಲಿಗೆ?"

ನಾನು ಬೇಲಿ, ಬಯಲು ಎರಡನ್ನೂ ಬಿಡಿಸಿ ಹೇಳಿದೆ. ಅವಳಿಗೆ ನಗು ಬಂತು. "ನಮ್ಮ ಪುಸ್ತಕದಲ್ಲಿರೋ ಹೆಸರಿಗಿಂತ ಇದೇ ವಾಸಿ. ನಾನೂ ಇನ್ಮೇಲೆ ಹೀಗೇ ಹೇಳ್ತೀನಿ" ಎಂದು ಟೈಪು ಮಾಡತೊಡಗಿದಳು. "ಮೊನ್ನೆ ತಾನೇ ಬದಲಾಯಿಸಿದ್ದೀರಿ. ಕಾರಣ ಏನಂತ ಹಾಕ್ಲಿ ಸರ್? ದೂರ ಆಗುತ್ತೆ ಅಂತ?"

ತಮ್ಮ ಹೂಂ ಅನ್ನುತ್ತಾನೆಂದುಕೊಂಡೆ. ಅವನು ಸ್ವಲ್ಪ ಮುಂದಕ್ಕೆ ಬಾಗಿದ. "ಇಲ್ಲಮ್ಮ. ನನ್ನ ಮಗಳು ಕಿಡ್ನಿ ಕೊಡ್ತೀನಿ ಅಂತ ಹಟ ಹಿಡಿದಿದ್ದಾಳೆ. ಬಯಲಲ್ಲಿದ್ರೆ ಅದು ಆಗಲ್ವಲ್ಲ. ಅದಕ್ಕೆ."

ಅವಳ ಬೆರಳುಗಳು ಕೀಲಿಗಳ ಮೇಲಿಂದ ಮೇಲೆದ್ದವು. ಸರದಿಯಲ್ಲಿ ಹಿಂದಿದ್ದವರು ಕೆಮ್ಮಿದರು. ಅವಳು ಅವರ ಕಡೆ ನೋಡಿ ಎರಡು ನಿಮಿಷ ಎಂದು ಕೈಸನ್ನೆ ಮಾಡಿ, ಕುರ್ಚಿಯನ್ನು ನಮ್ಮ ಕಡೆಗೆ ಎಳೆದುಕೊಂಡಳು.

"ಒಂದು ಕೇಳ್ತೀನಿ" ಎಂದ ತಮ್ಮ. "ನನ್ನ ಹಳೇ ಬಯಲು ಪುಸ್ತಕವನ್ನ ನಮ್ಮಕ್ಕನ ಹತ್ರ ಪೂರ್ತಿ ಓದಿಸಿದ್ದೀನಿ. ನನ್ನ ಆಪರೇಷನ್ನು, ನನ್ನ ಮಾತ್ರೆ, ನನ್ನ ಹಾಸಿಗೆ ಎಲ್ಲ ಇದೆ. ಹತ್ತು ವರ್ಷದ ಮೇಲೆ ಅವಳಿಗೇನಾದ್ರೂ ಆದ್ರೆ? ಉಳಿದಿರೋ ಇನ್ನೊಂದು ಕಿಡ್ನಿ ಕೈ ಕೊಟ್ರೆ? ಅವಳನ್ನ ನೋಡೋರು ಯಾರು?"

"ನಿಮ್ಮ ಬಯಲಲ್ಲಿ ಯಾರೂ ಇಲ್ಲ ಸರ್" ಎಂದಳು ಅವಳು, ಮುಚ್ಚುಮರೆಯಿಲ್ಲದೆ. "ಬೇಲಿಯಲ್ಲಿ ಇದ್ದಾರೆ. ಕೊಡೋರ ಆಪರೇಷನ್ ಖರ್ಚು ನಮ್ಮದೇ. ಆಮೇಲೆ ವರ್ಷವರ್ಷ ಅವರ ತಪಾಸಣೆ, ಅದರಿಂದ ಏನಾದ್ರೂ ತೊಂದರೆ ಬಂದ್ರೆ ಅದು, ಅವರು ಇರೋವರೆಗೂ ಅದೇ ಆಸ್ಪತ್ರೆಯಲ್ಲಿ. ನೀವು..." ಎಂದು ನಿಲ್ಲಿಸಿದಳು.

"ನಾನು ಹೋದ ಮೇಲೂ ಅಂತ ಹೇಳಿ ತಾಯಿ, ಪರವಾಗಿಲ್ಲ."

"ಹೂಂ ಸರ್. ಆಮೇಲೂ. ಇನ್ನೊಂದಿದೆ. ಅಲ್ಲಿ ಕೊಡೋರಿಗೆ ಅಂತಲೇ ಒಬ್ಬರು ಡಾಕ್ಟರ್ ಇರ್ತಾರೆ. ನಿಮ್ಮ ಡಾಕ್ಟರ್ ಬೇರೆ, ಅವರ ಡಾಕ್ಟರ್ ಬೇರೆ."

"ಒಂದೇ ಆಸ್ಪತ್ರೆ, ಒಂದೇ ಸಂಬಳ. ಅವರು ಅಂದಿದ್ದಕ್ಕೆ ಇವರು ಹೂಂ ಅಂತಾರೆ."

"ನನಗೆ ಗೊತ್ತಿರೋದು ಪುಸ್ತಕದಲ್ಲಿರೋದು ಅಷ್ಟೇ. ನೀವೇ ಹೋಗಿ ನೋಡಿ" ಎಂದು ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. "ಇದನ್ನ ನಾನಿವತ್ತು ಮುಟ್ಟಲ್ಲ. ತಿಂಗಳು ಮುಗಿಯೋಕೆ ಮುಂಚೆ ಒಂದು ಫೋನ್ ಮಾಡಿ, ನನ್ನನ್ನೇ ಕೇಳಿ. ಯಾವ ಕಡೆ ಅಂದ್ರೂ ಹಾಕ್ಕೊಡ್ತೀನಿ. ಮತ್ತೆ ಸರದಿಯಲ್ಲಿ ನಿಲ್ಲೋಕೆ ಬರ್ಬೇಡಿ."

ನಾವು ಎದ್ದೆವು. ಅವಳು ಮುಂದಿನವರನ್ನು ಕರೆದಳು. ಡಬ್ಬಿ ಹಾಗೇ ಇತ್ತು.

ಗುಬ್ಬಿಗೆ ದೊಡ್ಡಾಸ್ಪತ್ರೆಯ ಮೊದಲ ಭೇಟಿಯ ದಿನ ಅದಾಗಲೇ ನಿಗದಿಯಾಗಿತ್ತು. ಅಪ್ಪ ತಾನೂ ಬರುತ್ತೇನೆಂದ. ಆ ಜಗಳದ ನಂತರ ಇಬ್ಬರೂ ಒಬ್ಬರಿಗೊಬ್ಬರು ಉಪ್ಪು ದಾಟಿಸುವಷ್ಟೇ ಮಾತಾಡುತ್ತಿದ್ದರು. ಎರಡು ಬಸ್ಸು ಬದಲಾಯಿಸಿ ಹೋದೆವು. ಉದ್ದನೆಯ ಓಣಿ, ಹೊಸ ಬಣ್ಣದ ವಾಸನೆ, ನೆಲದ ಮೇಲೆ ದಾರಿ ತೋರುವ ಹಸಿರು ಗೆರೆ. ಗೆರೆಯ ಮೇಲೆ ಹೆಜ್ಜೆ ತಪ್ಪದಂತೆ ತಮ್ಮ ನಡೆದ.

ಕೊನೆಯ ಬಾಗಿಲು ತೆರೆದದ್ದು ನರೆಗೂದಲಿನ ಒಬ್ಬ ಡಾಕ್ಟರಮ್ಮ. ಸ್ವೆಟರಿನ ಒಂದು ಗುಂಡಿ ಬೇರೆ ಬಣ್ಣದ್ದು. ಗುಬ್ಬಿಯ ಹಿಂದೆಯೇ ತಮ್ಮನೂ ಒಳಗೆ ಕಾಲಿಟ್ಟ.

"ನೀವು ಯಾರು?"

"ಇವಳ ಅಪ್ಪ."

"ಅಂದ್ರೆ ಕಿಡ್ನಿ ತಗೊಳ್ಳೋರು?"

"ಅದೇ ಇನ್ನೂ..."

"ಹಾಗಾದ್ರೆ ಹೊರಗೆ ಕೂತ್ಕೊಳ್ಳಿ."

"ಹೆತ್ತ ಅಪ್ಪ ನಾನು ಡಾಕ್ಟ್ರಮ್ಮ."

"ಅದಕ್ಕೇ ಹೊರಗೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹೊಸ್ತಿಲಲ್ಲಿ ನಿಂತೇ ಹೇಳಿದರು: "ಈ ಕೋಣೆಯಲ್ಲಿ ನಾನು ಇವರೊಬ್ಬರಿಗೇ ಡಾಕ್ಟರ್. ನಿಮ್ಮ ರಿಪೋರ್ಟ್ ನಾನು ನೋಡಿಲ್ಲ, ನೋಡೋದೂ ಇಲ್ಲ. ನಿಮಗೆಷ್ಟು ಅರ್ಜೆಂಟು ಅಂತ ನನಗೆ ಗೊತ್ತಾಗಬಾರದು. ಎಲ್ಲ ಸಿದ್ಧವಾಗಿ ನಿಮ್ಮನ್ನ ಟೇಬಲ್ ಮೇಲೆ ಮಲಗಿಸಿದ ಮೇಲೂ ಇವರು ಬೇಡ ಅಂದ್ರೆ, ಇಲ್ಲಾ ನನಗೆ ಬೇಡ ಅನ್ನಿಸಿದ್ರೆ, ಅಲ್ಲಿಗೆ ನಿಂತುಹೋಯ್ತು. ಯಾಕೆ ಅಂತ ನಿಮಗೂ ಹೇಳಲ್ಲ, ನಿಮ್ಮ ಡಾಕ್ಟರಿಗೂ ಹೇಳಲ್ಲ. ಆಯ್ತಾ? ಆ ಬೆಂಚು ಗಟ್ಟಿ. ಒಳಗಿಂದ ಒಂದು ದಿಂಬು ತಗೊಳ್ಳಿ." ದಿಂಬನ್ನು ಅವರೇ ತಂದು ಅವನ ಕೈಗಿತ್ತು, ಬಾಗಿಲು ಹಾಕಿಕೊಂಡರು.

ತಮ್ಮ ದಿಂಬು ಅಪ್ಪಿಕೊಂಡು ಬೆಂಚಿನಲ್ಲಿ ಕೂತ. ತಲೆ ತಗ್ಗಿಸಿದ್ದ. ಸ್ವಲ್ಪ ಹೊತ್ತಿಗೆ ಅವನ ಭುಜ ಕುಲುಕಾಡತೊಡಗಿತು. ಅಳುತ್ತಿದ್ದಾನೆಂದು ಬೆನ್ನ ಮೇಲೆ ಕೈಯಿಟ್ಟೆ. ಅವನು ನಗುತ್ತಿದ್ದ.

"ಅಕ್ಕ, ಅವರು ಗಾರ್ಡು" ಎಂದ.

"ಯಾರು?"

"ಇವರೇ. ನೋಡು, ನಾನು ಸಿಗ್ನಲ್ ಇಳಿಸಿ ದಾರಿ ಕೊಟ್ಟಿರ್ತೀನಿ. ಡ್ರೈವರ್ ಕೈ ಹಿಡಿಕೆ ಮೇಲಿರುತ್ತೆ. ಜನ ಎಲ್ಲ ಹತ್ತಿ ಕೂತಿರ್ತಾರೆ. ಆದ್ರೂ ಹಿಂದಿನ ಡಬ್ಬಿಯಿಂದ ಗಾರ್ಡು ಹಸಿರು ಬಾವುಟ ತೋರಿಸೋವರೆಗೆ ಗಾಡಿ ಅಲುಗಲ್ಲ. ಯಾಕಯ್ಯ ತೋರಿಸ್ಲಿಲ್ಲ ಅಂತ ಕೇಳೋ ಹಕ್ಕು ನನಗಿಲ್ಲ. ಎಷ್ಟೋ ಸಲ ಬೈಕೊಂಡಿದ್ದೀನಿ ಅವರನ್ನ. ಮನೆಗೆ ಹೋಗೋ ಹೊತ್ತಾಗಿದೆ, ಈ ಮಹಾರಾಯ ಬಾವುಟ ಎತ್ತಲ್ವಲ್ಲ ಅಂತ." ನಗು ನಿಂತಿತು. ದಿಂಬಿನ ಅಂಚನ್ನು ನೇವರಿಸಿದ. "ನಾನು ಹುಡುಕ್ತಿದ್ದಿದ್ದು ಇದನ್ನೇ ಕಣಕ್ಕ. ಅವಳ ಕಡೆ ಒಬ್ಬರು."

ಗುಬ್ಬಿ ಹೊರಬಂದಾಗ ಅವಳ ಕಣ್ಣು ಕೆಂಪಾಗಿತ್ತು. ತಮ್ಮ ಎದ್ದು ನಿಂತ. "ಏನಂದ್ರು ಅಂತ ನಾನು ಕೇಳಲ್ಲಮ್ಮ. ಕೇಳ್ಬಾರದು" ಎಂದಷ್ಟೇ ಹೇಳಿ ಹಸಿರು ಗೆರೆ ಹಿಡಿದು ಮುಂದೆ ನಡೆದ. ಬಸ್ಸಿನಲ್ಲಿ ಅವನು ಕಿಟಕಿ ಪಕ್ಕ ತೂಕಡಿಸುತ್ತಿದ್ದಾಗ ಗುಬ್ಬಿ ನನ್ನ ಕಿವಿಯ ಬಳಿ ಬಾಗಿದಳು.

"ಅತ್ತೆ, ಭಯ ಆಗುತ್ತಾ ಅಂತ ಕೇಳಿದ್ರು. ಇಷ್ಟು ದಿನದಲ್ಲಿ ಯಾರೂ ಕೇಳಿರ್ಲಿಲ್ಲ."

"ಏನಂದೆ?"

"ಹೂಂ ಅಂದೆ. ಅಂದಮೇಲೆ ಸ್ವಲ್ಪ ಕಮ್ಮಿ ಆಯ್ತು."

ಅವಳ ಕೈಯನ್ನು ನನ್ನ ತೊಡೆಯ ಮೇಲೆಳೆದುಕೊಂಡೆ. ಸಾಣೆ ಹಿಡಿದು ಒರಟಾದ ಬೆರಳುಗಳು. ನಾನೂ ಆ ಮಾತು ಕೇಳಿರಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು. ಬೆಂಚಿನ ಮೇಲೆ ಅವಳಪ್ಪ ಆಡಿದ ಗಾರ್ಡಿನ ಮಾತನ್ನು ಮಾತ್ರ ಅವಳಿಗೆ ಹೇಳಿದೆ.

ಆ ಸಂಜೆ ತಟ್ಟೆಗಳನ್ನೆಲ್ಲ ಎತ್ತಿಯಾದ ಮೇಲೆ ಗುಬ್ಬಿ ಮೇಜಿನ ಬಳಿಯೇ ನಿಂತಳು. ಸ್ಟೀಲಿನ ಲೋಟವೊಂದನ್ನು ಎಳೆದುಕೊಂಡು ಚಮಚದಿಂದ ಒಮ್ಮೆ ಬಡಿದಳು. ಟಿಂಗ್. ಚಿಕ್ಕವಳಿದ್ದಾಗ ಅಪ್ಪ ಕಲಿಸಿದ ಆಟ ಅದು. ಕ್ಯಾಬಿನ್ನಿನಲ್ಲಿ ಏನಾದರೂ ಕೇಳುವ ಮೊದಲು ಹೀಗೆ ಗಂಟೆ ಬಡಿದು ಗಮನ ಸೆಳೆಯಬೇಕು.

ತಮ್ಮ ತಲೆಯೆತ್ತಿದ. ತನ್ನ ಲೋಟವನ್ನು ಒಮ್ಮೆ ಬಡಿದ. ಟಿಂಗ್. ಹೇಳು ಎಂದರ್ಥ.

"ಬೇಲಿ ಪ್ಲಾನು. ದೊಡ್ಡಾಸ್ಪತ್ರೆ. ನನ್ನ ಕಿಡ್ನಿ ನಿನಗೆ" ಎಂದಳು. ದನಿ ಗಟ್ಟಿಯಾಗಿತ್ತು. "ಲೈನ್ ಕ್ಲಿಯರ್ ಇದೆಯಾ?"

"ಬೇಲಿ ಪ್ಲಾನು. ದೊಡ್ಡಾಸ್ಪತ್ರೆ. ನಿನ್ನ ಕಿಡ್ನಿ ನನಗೆ. ಲೈನ್ ಕ್ಲಿಯರ್ ಇದೆಯಾ ಅಂತ ಕೇಳ್ತಿದ್ದೀಯ" ಎಂದು ತಮ್ಮ ತಿರುಗಿ ಹೇಳಿದ. ಈ ಸಲ ನಾವಿಬ್ಬರೂ ಕದಲಲಿಲ್ಲ.

ಅವನು ಎದ್ದು ಕಿಟಕಿಗೆ ಹೋದ. ಕೇಳಿದ ಕೂಡಲೇ ಕೊಡುವವನು ಒಳ್ಳೆಯ ಕ್ಯಾಬಿನ್‌ಮನ್ ಅಲ್ಲ, ಎದ್ದು ಕಣ್ಣಾರೆ ಹಳಿ ನೋಡಿ ಕೊಡಬೇಕು ಎಂದು ಅವನೇ ಹೇಳುತ್ತಿದ್ದದ್ದು. ಹೊರಗೆ ಬೀದಿ ದೀಪ ಹತ್ತಿತ್ತು. ಬೀದಿ ಕೊನೆಯಲ್ಲಿ ಔಷಧಿ ಅಂಗಡಿಯ ಮಹಡಿ ಕತ್ತಲಾಗಿತ್ತು. ಈ ಕಡೆ ನೋಡಿದ, ಆ ಕಡೆ ನೋಡಿದ. ಅವನ ಬೆನ್ನು ಎಷ್ಟು ಸಣ್ಣದಾಗಿದೆ ಎಂದು ನನಗೆ ಆಗ ಕಂಡಿತು. ಗುಬ್ಬಿಗೂ ಕಂಡಿರಬೇಕು, ಅವಳು ಚಮಚವನ್ನು ಎದೆಗೆ ಒತ್ತಿ ಹಿಡಿದಿದ್ದಳು.

ಅವನು ಬಂದು ಕೂತ. ಲೋಟ ಬಡಿದ.

"ಲೈನ್ ಕ್ಲಿಯರ್" ಎಂದ. "ಗಾರ್ಡು ಬಾವುಟ ತೋರಿಸಿದ್ರೆ ಮಾತ್ರ."

"ಲೈನ್ ಕ್ಲಿಯರ್. ಗಾರ್ಡು..." ಗುಬ್ಬಿಗೆ ಮುಂದಕ್ಕೆ ಹೇಳಲಾಗಲಿಲ್ಲ.

"ಪೂರ್ತಿ ಹೇಳಮ್ಮ. ಅರ್ಧಕ್ಕೆ ಬಿಡ್ಬಾರದು."

"ಗಾರ್ಡು ಬಾವುಟ ತೋರಿಸಿದ್ರೆ ಮಾತ್ರ" ಎಂದು ಅವಳು ಅಳುತ್ತಲೇ ಮುಗಿಸಿದಳು.

ಮರುದಿನ ನಾನು ಕೌಂಟರಿನ ಹೆಣ್ಣುಮಗಳಿಗೆ ಫೋನ್ ಮಾಡಿ ಏನೂ ಬದಲಾಯಿಸುವುದು ಬೇಡ ಎಂದೆ. "ಬೇಲಿಯಲ್ಲೇ ಇರ್ತಾರಾ?" ಎಂದಳು. ಹೌದು ಎಂದೆ. ಊಟ ಆಯಿತೇ ಎಂದು ಕೇಳಿದೆ. "ಇವತ್ತು ಆಯ್ತಮ್ಮ" ಎಂದಳು.

ಹೊಸ ತಿಂಗಳಿನಿಂದ ಡಯಾಲಿಸಿಸ್ ಕೂಡ ದೊಡ್ಡಾಸ್ಪತ್ರೆಯಲ್ಲೇ. ಮೊದಲ ಬೆಳಗು ನಾವು ಅಲ್ಲಿ ತಲುಪಿದಾಗ ತಮ್ಮನ ಮುಖ ಬಾಡಿತ್ತು. ಹೊಸ ಸಿಸ್ಟರ್ ಚಿಕ್ಕ ವಯಸ್ಸಿನವಳು, ಅವನ ಕೈ ನೋಡಿ ತುಟಿ ಕಚ್ಚಿಕೊಂಡಳು. ಆಗ ಹಿಂದಿನಿಂದ ಪರಿಚಿತ ದನಿಯೊಂದು ಕೇಳಿತು. ನಮ್ಮ ಬೀದಿಯ ಸಿಸ್ಟರ್ ಬಂದು ನಿಂತಿದ್ದಳು. ಸಮವಸ್ತ್ರ ಇರಲಿಲ್ಲ, ತರಕಾರಿ ಚೀಲ ಹಿಡಿದಿದ್ದಳು. ರಜೆಯ ದಿನ, ಈ ಕಡೆಗೆ ಬಂದಿದ್ದೆ ಎಂದಳು. ಎರಡು ಬಸ್ಸು ಬದಲಾಯಿಸಿ ತರಕಾರಿಗೆಂದು ಅಷ್ಟು ದೂರ ಯಾರು ಬರುತ್ತಾರೆ? ನಾವ್ಯಾರೂ ಕೇಳಲಿಲ್ಲ.

ಅವಳು ತಮ್ಮನ ಕೈ ಮುಟ್ಟಲಿಲ್ಲ. ಹೊಸಬಳ ಪಕ್ಕದಲ್ಲಿ ನಿಂತು, "ಮೊದಲು ಬಿಸಿಬಟ್ಟೆ. ಗುಂಯ್ ಅನ್ನೋದು ಎಲ್ಲಿ ಜೋರಾಗಿದೆ ಅಂತ ಬೆರಳಲ್ಲಿ ನೋಡು. ಅಲ್ಲಿಂದ ಒಂದು ಬೆರಳು ಕೆಳಗೆ" ಎಂದಳು. ಹೊಸಬಳು ಸೂಜಿ ಕೈಗೆತ್ತಿಕೊಂಡಳು.

"ಕ್ಯಾಬಿನ್ ಸಾಹೇಬ್ರೇ, ಆ ಕತ್ತೆ ಹಳಿ ಇಳಿದ ಮೇಲೆ ಎಲ್ಲಿಗೆ ಹೋಯ್ತು? ಅದನ್ನ ನೀವು ಹೇಳೇ ಇಲ್ಲ."

ತಮ್ಮ ಬಾಯಿ ತೆರೆದ. ಅಷ್ಟರಲ್ಲಿ ಗಾಜಿನ ಗೋಡೆಯಾಚೆ ಓಣಿಯಲ್ಲಿ ಗುಬ್ಬಿ ಬರುವುದು ಕಂಡಿತು. ಅವಳ ಪರೀಕ್ಷೆಗಳು ಅಂದೇ ಶುರು. ಪಕ್ಕದಲ್ಲಿ ಬೇರೆ ಬಣ್ಣದ ಗುಂಡಿಯ ಡಾಕ್ಟರಮ್ಮ, ಗುಬ್ಬಿಯ ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು, ಏನನ್ನೋ ಕಿವಿಗೊಟ್ಟು ಕೇಳುತ್ತ ನಡೆಯುತ್ತಿದ್ದರು. ನಮ್ಮ ಎದುರಿಗೇ ಹಾದುಹೋದರು. ತಮ್ಮ ಬಲಗೈ ಎತ್ತಿ ನಮಸ್ಕಾರ ಮಾಡಿದ. ಅವರು ನೋಡಲಿಲ್ಲ.

"ಕಂಡ್ಯಾ ಅಕ್ಕ" ಎಂದ ತಮ್ಮ, ದಿಂಬಿಗೆ ತಲೆಯಾನಿಸುತ್ತ. "ನನ್ನ ಕಡೆ ತಿರುಗಿ ಕೂಡ ನೋಡ್ಲಿಲ್ಲ."

ಅವನ ದನಿಯಲ್ಲಿ ಅಷ್ಟು ನೆಮ್ಮದಿಯನ್ನು ನಾನು ಬಹಳ ಕಾಲದಿಂದ ಕೇಳಿರಲಿಲ್ಲ. ಸೂಜಿ ಆಗಲೇ ಒಳಗೆ ಹೋಗಿತ್ತು.